ರೆಕ್ಕೆ ಕೊಯ್ದ ಕಿಟಕಿ

ಮರ ಕೆತ್ತುವ ಹೇರಾಕಾಜಿ ಶಿಲ್ಪಕಾರನಿಗೆ ಮೂಗಿನ ತುದಿಯಲ್ಲೇ ಸಿಟ್ಟು ಎಂಬುದು ನೇಪಾಳದ ಭಕ್ತಪುರದಲ್ಲಿ ಅವನ ಓಣಿಗೆಲ್ಲ ಗೊತ್ತು. ಅರವತ್ತಮೂರು ವರ್ಷದಲ್ಲಿ ಅವನ ಬಾಯಿಗೆ ಸಿಗದೆ ಉಳಿದವರು ಕಡಿಮೆ. ಹಸಿ ಮರ ತಂದು ಒಣಗಿದ್ದು ಎಂದ ವ್ಯಾಪಾರಿ, ಬೇಗ ಆಗಲಿ ನಾಲ್ಕು ಮೊಳೆ ಹೊಡಿ ಎಂದ ಹೋಟೆಲಿನವನು, ದೇವಿಯ ಕಣ್ಣನ್ನು ಯಂತ್ರದಲ್ಲಿ ಕೊರೆಸಿದ ಸ್ವಂತ ಭಾವಮೈದುನ, ಎಲ್ಲರಿಗೂ ಮಂಗಳಾರತಿ ಆಗಿತ್ತು. ಬೆಳಿಗ್ಗೆ ಅವಲಕ್ಕಿ ತಟ್ಟೆ ಮುಂದಿಡುವಾಗಲೇ ಹೆಂಡತಿ ಜ್ಞಾನಶೋಭಾ ಕೇಳುತ್ತಿದ್ದಳು: "ಇವತ್ತು ಯಾರ ಸರದಿ?"

ಅವನು ನಗುತ್ತಿರಲಿಲ್ಲ. ಹನ್ನೊಂದನೆಯ ವಯಸ್ಸಿಗೆ ಅಪ್ಪ ಕೈಗೆ ಉಳಿ ಕೊಟ್ಟು ಮೂರು ವರ್ಷ ಬರೀ ಕಮಲದ ಎಸಳು ಕೆತ್ತಿಸಿದ್ದ. ಎಸಳು ತಪ್ಪಿದರೆ ಕೊಡತಿಯ ಹಿಡಿಯಿಂದ ಗೆಣ್ಣಿಗೆ ಏಟು. ಹಾಗೆ ಕಲಿತವನು ಬೇರೆಯವರ ಅಡ್ಡಾದಿಡ್ಡಿ ಕೆಲಸ ನೋಡಿ ಸುಮ್ಮನಿರುವುದು ಹೇಗೆ?

ಭೂಕಂಪದಲ್ಲಿ ಓಣಿಯ ಮೂಲೆಯ ಛತ್ರ ಕುಸಿದು, ಅವನ ಅಜ್ಜ ಕೆತ್ತಿದ್ದ ದೊಡ್ಡ ಕಿಟಕಿ ಪುಡಿಪುಡಿಯಾಯಿತು. ಕಟ್ಟಡ ಮತ್ತೆ ಎಬ್ಬಿಸುವ ಕೆಲಸ ಒಬ್ಬ ಗುತ್ತಿಗೆದಾರನ ಪಾಲಾಯಿತು, ಕಿಟಕಿ ಹೇರಾಕಾಜಿಯ ಪಾಲಿಗೆ ಬಂತು. ಹದಿನಾಲ್ಕು ತಿಂಗಳು ಕೂತು ಕೆತ್ತಿದ. ಒಂದು ಮೊಳೆಯಿಲ್ಲ, ಒಂದು ತೊಟ್ಟು ಅಂಟಿಲ್ಲ. ಚೌಕಟ್ಟಿನ ಎಡಕ್ಕೂ ಬಲಕ್ಕೂ ಮೊಳದುದ್ದ ಚಾಚಿದ ಒಂದೊಂದು ರೆಕ್ಕೆ, ರೆಕ್ಕೆಯ ಮೇಲೆ ಬಳ್ಳಿ, ಬಳ್ಳಿಯ ನಡುವೆ ಬಾಯಿ ತೆರೆದ ಮಕರ. ಆ ರೆಕ್ಕೆಗಳು ಇಟ್ಟಿಗೆಯ ನಡುವೆ ಹೂತು ಕೂರಬೇಕು, ಮುಖವಷ್ಟೇ ಹೊರಗೆ ಕಾಣಬೇಕು. ಆಗ ಗೋಡೆ ಕಿಟಕಿಯನ್ನು ಹಿಡಿದುಕೊಳ್ಳುತ್ತದೆ, ಕಿಟಕಿ ಗೋಡೆಯನ್ನು.

ಅದಕ್ಕೇ ಅಲ್ಲಿ ಗಾರೆಯವನು ಕಿಟಕಿ ಕೂರುವ ಮಟ್ಟದ ತನಕ ಕಟ್ಟಿ ಕರಣೆ ತೊಳೆದಿಡುತ್ತಾನೆ. ಕೆತ್ತಿದವನು ಕಿಟಕಿ ತಂದು ನಿಲ್ಲಿಸಿದ ಮೇಲೆ ಇಬ್ಬರ ಹಣೆಗೂ ಮೊಸರು ಕುಂಕುಮ ಹಚ್ಚಿ, ಬೇಯಿಸಿದ ಮೊಟ್ಟೆ, ಮೀನು, ಅಕ್ಕಿಯ ಸಾರಾಯಿ ಕೊಡುತ್ತಾರೆ. ಅದಾದ ಮೇಲೇ ಮುಂದಿನ ಇಟ್ಟಿಗೆ.

ಅಸಾರ, ಅಂದರೆ ಅಲ್ಲಿನ ಆಷಾಢ, ತಿಂಗಳ ಇಪ್ಪತ್ತಾರಕ್ಕೆ ಎಂಟು ಜನ ಹೆಗಲು ಕೊಟ್ಟು ಕಿಟಕಿಯನ್ನು ಛತ್ರದ ಮುಂದೆ ತಂದಿಳಿಸಿದರು. ಹೇರಾಕಾಜಿ ತಲೆ ಎತ್ತಿ ನೋಡಿದ. ಗೋಡೆ ಆಗಲೇ ಸೂರಿನ ತನಕ ಎದ್ದಿತ್ತು. ನಡುವೆ ಕಿಟಕಿಗೆಂದು ಒಂದು ಚೌಕನೆಯ ತೂತು ಬಿಟ್ಟಿದ್ದರು.

"ಬನ್ನಿ ದಾಯಿ," ಎಂದು ಅಣ್ಣನನ್ನು ಕರೆಯುವಂತೆ ಕರೆದ ಗುತ್ತಿಗೆದಾರ. "ಅಸಾರ ಮುಗಿದ್ರೆ ಸರ್ಕಾರದ ವರ್ಷನೂ ಮುಗೀತು, ದುಡ್ಡು ವಾಪಸ್ ಹೋಗುತ್ತೆ. ಕಾಯೋಕಾಗ್ಲಿಲ್ಲ. ಆ ಕಡೆ ಈ ಕಡೆ ಇರೋ ಬಾಲ ಕೊಯ್ದು ತೂರಿಸಿಬಿಡಿ. ಕಬ್ಬಿಣದ ಪಟ್ಟಿ ಹಾಕಿ ಬೋಲ್ಟು ಬಿಗಿಸ್ತೀನಿ, ಅಲ್ಲಾಡಲ್ಲ."

"ಬಾಲ ಇರೋದು ನಿನಗೆ. ಕಚೇರಿ ಕಂಡ ಕಡೆಯೆಲ್ಲ ಅಲ್ಲಾಡಿಸ್ತೀಯಲ್ಲ, ಅದು."

ನೆರೆದವರು ನಕ್ಕರು. ಗುತ್ತಿಗೆದಾರ ಹೊರಗಿನವನು, ಅವನಿಗೇನು ಗೊತ್ತು ಮಣ್ಣು. ಹೇರಾಕಾಜಿಯನ್ನು ಕೆರಳಿಸಿದವನು ಸಾರುವೆಯ ಮೇಲೆ ಬೆನ್ನು ತಿರುಗಿಸಿ ಕೂತಿದ್ದ ಬೇಖಾರತ್ನ ಅವಾಲೆ. ಅವನ ಮನೆತನವೇ ಗಾರೆಯವರದು. ಅವನಪ್ಪ, ಇವನಪ್ಪ ಜೊತೆಯಲ್ಲೇ ಕೆಲಸ ಮಾಡಿದವರು. ಗೊತ್ತಿದ್ದೂ ಗೊತ್ತಿದ್ದೂ ಈ ಕೆಲಸ ಮಾಡಿದ್ದ.

"ಬೇಖಾ, ಇಳಿ ಕೆಳಗೆ."

ಬೇಖಾರತ್ನ ಇಳಿದು ಬಂದ. "ನಾನು ದಿನಗೂಲಿಯವನು ದಾಯಿ. ಕಟ್ಟು ಅಂದ್ರು, ಕಟ್ದೆ."

"ನಮ್ಮಪ್ಪ ವಿಷಮಜ್ವರ ಬಂದು ಮಲಗಿದ್ದಾಗ ನಿಮ್ಮಪ್ಪ ಮೊಣಕಾಲುದ್ದದ ಗೋಡೆಗೆ ಚಾಪೆ ಹೊದಿಸಿ ಮೂರು ತಿಂಗಳು ಕಾದ. ಒಂದಿಟ್ಟಿಗೆ ಇಡಲಿಲ್ಲ. ನಿನಗೇನು ಬಂದಿತ್ತು ರೋಗ?"

"ಆ ಮೂರು ತಿಂಗಳು ನಮ್ಮನೇಲಿ ಏನು ತಿಂದ್ವಿ ಅಂತ ನಿಮ್ಮನೇರು ಯಾರಾದ್ರೂ ಕೇಳಿದ್ರಾ? ಕಾದಿದ್ದನ್ನ ನೀವು ಕತೆ ಹೇಳ್ತೀರಿ. ಉಪವಾಸ ಬಿದ್ದೋರು ನಾವು."

ಈ ಮಾತು ಹೇರಾಕಾಜಿ ಹಿಂದೆಂದೂ ಕೇಳಿರಲಿಲ್ಲ. ಕೇಳಿದ್ದೇ ಅವನ ಸಿಟ್ಟು ಇಮ್ಮಡಿಯಾಯಿತು. ಪಕ್ಕದ ಆಳಿನ ಕೈಯಲ್ಲಿದ್ದ ಗರಗಸ ಕಿತ್ತುಕೊಂಡು ಬೇಖಾರತ್ನನ ಎದೆಗೆ ಒತ್ತಿದ.

"ತಗೋ. ಆ ಗೋಡೆ ಕಟ್ಟಿದ ಕೈಯೇ ಇದನ್ನೂ ಕೊಯ್ಯಲಿ. ನಿಮ್ಮಪ್ಪನಿಗೆ ಹುಟ್ಟಿದ ಮಗ ಆಗಿದ್ರೆ ಕೊಯ್ಯಿ."

ಬೇಖಾ ಗರಗಸ ಬಿಸಾಡುತ್ತಾನೆ, ತಪ್ಪಾಯಿತು ದಾಯಿ ಎನ್ನುತ್ತಾನೆ ಎಂದು ಹೇರಾಕಾಜಿ ಖಂಡಿತವಾಗಿ ನಂಬಿದ್ದ. ಬೇಖಾರತ್ನ ಮೊಣಕಾಲೂರಿ ಎಡಗಡೆಯ ರೆಕ್ಕೆಯ ಮೇಲೆ, ಮಕರದ ಕುತ್ತಿಗೆ ಇರುವ ಕಡೆ, ಗರಗಸದ ಹಲ್ಲು ಇಟ್ಟ.

ಹಳೆಯ ಸಾಲ್ ಮರ ಕಲ್ಲಿನಷ್ಟು ಗಟ್ಟಿ, ಬೇಗ ತುಂಡಾಗುವುದಲ್ಲ. ಬೇಖಾರತ್ನ ನಡುವೆ ಎರಡು ಸಲ ನಿಲ್ಲಿಸಿದ, ಬೆವರು ಒರೆಸಿಕೊಂಡ, ಹೇರಾಕಾಜಿಯ ಮುಖ ನೋಡಿದ. ಸಾಕು ಬಿಡೋ ಎಂಬ ಮಾತು ಹೇರಾಕಾಜಿಯ ಗಂಟಲ ತನಕ ಬಂದಿತ್ತು. ಇಷ್ಟು ಜನರ ಮುಂದೆ ನಾನು ಸೋಲಬೇಕೇ ಎಂದು ಅವನು ಹಲ್ಲು ಕಚ್ಚಿದ. ಗರಗಸ ಮತ್ತೆ ಶುರುವಾಯಿತು. ರೆಕ್ಕೆ ಧೂಳಿಗೆ ಬಿತ್ತು.

"ಹಾಗೇ ಇನ್ನೊಂದೂ ಆಗಿಬಿಡ್ಲಿ," ಎಂದ ಗುತ್ತಿಗೆದಾರ.

ಹೇರಾಕಾಜಿ ಹೋಗಿ ಬಲಗಡೆಯ ರೆಕ್ಕೆಯ ಮೇಲೆ ಕೂತುಬಿಟ್ಟ. "ಮೊದಲು ನನ್ನ ತೊಡೆ ಕೊಯ್ಯಿ. ಆಮೇಲೆ ಇದು."

ಬೇಖಾರತ್ನ ಗರಗಸವನ್ನು ಗಾರೆಯ ರಾಶಿಗೆ ಎಸೆದ. ಸುತ್ತಿಗೆ ಎತ್ತಿಕೊಂಡು ಸಾರುವೆ ಹತ್ತಿ, ತಾನೇ ಕಟ್ಟಿದ್ದ ಗೋಡೆಯನ್ನು ತೂತಿನ ಬಲಗಡೆಯಿಂದ ಒಡೆಯತೊಡಗಿದ. ಗುತ್ತಿಗೆದಾರ ತಪಾಸಣೆ, ಬಿಲ್ಲು, ಅಸಾರ ಎಂದು ಕೂಗಾಡಿದ. ಒಂದು ಇಟ್ಟಿಗೆ ಕಾಲ ಬಳಿಯೇ ಬಿದ್ದಾಗ ದೂರ ಸರಿದ.

ನಾಲ್ಕು ದಿನಕ್ಕೆ ಕಿಟಕಿ ಕೂತಿತು. ಬಲಗಡೆ ರೆಕ್ಕೆ ಇಟ್ಟಿಗೆಯೊಳಗೆ, ಎಡಗಡೆ ಕಬ್ಬಿಣದ ಪಟ್ಟಿ. ಮೊಸರು ಹಚ್ಚಲು ಯಾರೂ ಬರಲಿಲ್ಲ, ಮೊಟ್ಟೆ ಮೀನು ಯಾರೂ ಬೇಯಿಸಲಿಲ್ಲ.

ಈಗಲೂ ಆ ದಾರಿಯಲ್ಲಿ ಹೋಗುವಾಗ ಹೇರಾಕಾಜಿ ಗುತ್ತಿಗೆದಾರನ ಏಳು ತಲೆಮಾರನ್ನು ಬೈಯುತ್ತಾನೆ, ಕಚೇರಿಯನ್ನು ಬೈಯುತ್ತಾನೆ, ಅಸಾರ ತಿಂಗಳನ್ನೇ ಬೈಯುತ್ತಾನೆ. ಬೇಖಾರತ್ನ ಎದುರಾದರೆ ಮಾತ್ರ ಇಬ್ಬರೂ ನೆಲ ನೋಡಿಕೊಂಡು ದಾಟುತ್ತಾರೆ. ಒಂದು ದಿನ ಜ್ಞಾನಶೋಭಾ ತಡೆಯಲಾರದೆ ಕೇಳಿದಳು.

"ಕೊಯ್ಯುವಾಗ ಅವನು ಎರಡು ಸಲ ನಿಲ್ಲಿಸಿ ನಿಮ್ಮ ಮುಖ ನೋಡಿದ್ನಂತೆ. ಹೌದಾ?"

"ನೋಡಿದ."

"ನೀವೇನಂದ್ರಿ?"

ಹೇರಾಕಾಜಿ ಕೈಯಲ್ಲಿದ್ದ ಉಳಿಯನ್ನು ಕೆಳಗಿಟ್ಟ.

"ಏನೂ ಅನ್ನಲಿಲ್ಲ ಕಣೇ."