ಅಕ್ಕನನ್ನು ಯಾರೂ ಕೇಳಲಿಲ್ಲ

"ಏನಯ್ಯಾ, ಏನಾಗಿದೆ ಇವಳಿಗೆ?" ಎಂದು ಡಿಸ್ಪೆನ್ಸರಿಯ ಡಾಕ್ಟರರು ಕೇಳಿದ್ದು ಬೆಂಚಿನ ಮೇಲೆ ಬೆವರುತ್ತ ಕುಳಿತಿದ್ದ ನನ್ನ ಅಕ್ಕನನ್ನಲ್ಲ, ಪಕ್ಕದಲ್ಲಿ ನಿಂತಿದ್ದ ಭಾವನವರನ್ನು.

"ಅಜೀರ್ಣ ಸ್ವಾಮಿ. ನೆನ್ನೆ ಹಬ್ಬದೂಟ ಉಂಡವ್ಳೆ, ಎದೆ ಉರೀತದಂತೆ," ಎಂದರು ಭಾವನವರು.

"ಉರಿಯಲ್ಲ ಬುದ್ಧಿ, ಎದೆ ಮ್ಯಾಲೆ ಬೀಸೋಕಲ್ಲು ಇಟ್ಟಂಗದೆ. ಎಡಗೈ ಎತ್ತಕ್ಕೇ ಆಗಾಕಿಲ್ಲ," ಎಂದು ಅಕ್ಕ ಬಾಯಿ ತೆರೆದಳು. ಕಾಂಪೌಂಡರ್ ಗದರಿದ: "ಯಜಮಾನ್ರು ಹೇಳ್ತಾ ಇಲ್ವೇನಮ್ಮ? ಸುಮ್ನಿರು."

ಡಾಕ್ಟರರು ಕುರ್ಚಿಯಿಂದ ಏಳಲಿಲ್ಲ. ನಾಡಿ ಹಿಡಿಯಲಿಲ್ಲ, ಕೊರಳಲ್ಲಿದ್ದ ಸ್ಟೆತಾಸ್ಕೋಪನ್ನು ಅವಳ ಎದೆಗೆ ತಾಗಿಸಲಿಲ್ಲ. ಅಜೀರ್ಣದ ಮಿಕ್ಸ್ಚರು ಕೊಡಿಸಿ ಮನೆಗೆ ಹೋಗಿರೆಂದರು. ಭಾವನವರು ಮಾತನಾಡುವಾಗ ನಡುವೆ ಬಾಯಿ ಹಾಕಬಾರದೆಂಬ ಮರ್ಯಾದೆಗೆ ಕಟ್ಟುಬಿದ್ದು ನಾನೂ ಸುಮ್ಮನಿದ್ದೆ. ಪೆಟ್ರೋಲಿಲ್ಲದೆ ಬಸ್ಸು ನಿಂತಿದ್ದ ಯುದ್ಧಕಾಲ. ನಮ್ಮೂರು ನಂದಗುಡಿಯವರೆಗೂ ಎತ್ತಿನ ಗಾಡಿಯ ಕುಲುಕಾಟ. ಕೆರೆಯ ಏರಿ ದಾಟುವ ಮೊದಲೇ ಅಕ್ಕ ನನ್ನ ತೊಡೆಯ ಮೇಲೆ ಪ್ರಾಣ ಬಿಟ್ಟಳು.

ಮುಂದೆ ಬೆಂಗಳೂರಿನ ಹಿರಿಯ ವೈದ್ಯರೊಬ್ಬರು ವಿವರವನ್ನೆಲ್ಲ ಕೇಳಿ, ಅದು ಹೃದಯದ ಬೇನೆಯೆಂದೂ ಅವಳನ್ನು ಅಲುಗಾಡಿಸದೆ ಅಲ್ಲಿಯೇ ಮಲಗಿಸಬೇಕಿತ್ತೆಂದೂ ಹೇಳಿದರು. ನಾನು ಡಿಸ್ಪೆನ್ಸರಿಗೆ ಹೋಗಿ ಇದನ್ನು ತಿಳಿಸಿದಾಗ ಆ ಡಾಕ್ಟರರು ತಲೆಯನ್ನೂ ಎತ್ತದೆ ಕೊಟ್ಟ ಉತ್ತರವಿದು: "ಅಜೀರ್ಣ ಅಂತ ಹೇಳಿದ್ದು ನಿಮ್ಮ ಭಾವನೇ ಅಲ್ವೇನ್ರೀ?"

ಅಂದಿನಿಂದ ನಮ್ಮ ಮನೆಯ ಹೆಂಗಸರನ್ನು ವೈದ್ಯರ ಬಳಿಗೆ ಕರೆದೊಯ್ದರೆ, ಅವರನ್ನು ಒಳಗೆ ಕೂರಿಸಿ ನಾನು ಹೊರಗೆ ನಿಲ್ಲುತ್ತೇನೆ. ವೈದ್ಯರು ನನ್ನನ್ನೇ ಕರೆದು ಕೇಳಿದರೂ ಉತ್ತರ ಹೇಳುವುದಿಲ್ಲ.