ಬಿಡ್ತು ಅನ್ನದ ದತ್ತಾತ್ರಿ

ಬೀರೂರಿನ ದತ್ತಾತ್ರಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ. ಮೇಷ್ಟ್ರಾಗಿದ್ದರೆ ಒಳ್ಳೆಯ ಗುಣ ಎನ್ನಬಹುದಿತ್ತು. ಆಸಾಮಿ ೧೯೮೮ರಲ್ಲಿ ಕಂಪ್ಯೂಟರ್ ಮಾರಲು ಹೊರಟ. ಬೆಂಗಳೂರಿನ ಕಂಪನಿಯೊಂದು ಅವನನ್ನು ನಮ್ಮ ಕಡೆಗೆ ಏಜೆಂಟನಾಗಿ ನೇಮಿಸಿತ್ತು. ಊರಲ್ಲೇ ಇದ್ದು ಈ ಕೆಲಸದಲ್ಲೇ ಬದುಕಬೇಕು ಎಂಬುದೊಂದೇ ಅವನ ಆಸೆ.

ಮೊದಲ ಗಿರಾಕಿ ಕೊಬ್ಬರಿ ಮಂಡಿಯ ಮಲ್ಲಿಕಾರ್ಜುನಪ್ಪ. ತರೀಕೆರೆ, ಅಜ್ಜಂಪುರಗಳಲ್ಲೂ ಅವರಿಗೆ ಮಂಡಿ ಇತ್ತು. ಅಲ್ಲಿ ವ್ಯಾಪಾರ ಕುದುರಿದ ಕೂಡಲೇ ರೇಟು ತಾನಾಗಿ ಬೀರೂರಿನ ಪರದೆಯ ಮೇಲೆ ಬರಬೇಕೆಂದು ಅವರಿಗೆ ಹುಚ್ಚು. ಕಂಪನಿಯ ಮ್ಯಾನೇಜರು "ಎಲ್ಲಾ ಆಗುತ್ತೆ ಸಾರ್" ಎಂದು ಹೇಳಿ ರೈಲು ಹತ್ತಿಬಿಟ್ಟಿದ್ದ. ಆದರೆ ಆ ಮಂಡಿಗಳಲ್ಲಿ ರೇಟನ್ನು ಯಾರೂ ಬಾಯಿ ಬಿಟ್ಟು ಹೇಳುವುದೇ ಇಲ್ಲ. ಟವೆಲ್ಲಿನ ಕೆಳಗೆ ಕೈಗೆ ಕೈ ಕೊಟ್ಟು, ಬೆರಳು ಹಿಡಿದು ಮುಗಿಸುತ್ತಾರೆ.

ಕಂಪ್ಯೂಟರಿಗೆ ವಿಭೂತಿ ಹಚ್ಚಿ, ಹೂವು ಇಟ್ಟು, ಇನ್ನೇನು ಕಾಯಿ ಒಡೆಯಬೇಕು. ಮಲ್ಲಿಕಾರ್ಜುನಪ್ಪ ಕೇಳಿದರು, "ಏನಪ್ಪಾ, ಇವತ್ತಿಂದ ತರೀಕೆರೆ ರೇಟು ಇಲ್ಲೇ ಕಾಣುತ್ತಲ್ಲ?"

"ಅದು ಆಗಲ್ಲ ಕಣ್ರೀ," ಎಂದ ದತ್ತಾತ್ರಿ. "ಅಲ್ಲಿಂದ ಯಾರಾದ್ರೂ ಫೋನಲ್ಲಿ ರೇಟು ಹೇಳ್ಬೇಕು, ಇಲ್ಲೊಬ್ರು ಅದನ್ನ ಮಿಷನ್ನಲ್ಲಿ ಒತ್ಬೇಕು. ಆಮೇಲೆ ಲೆಕ್ಕ ಕೂಡಿ ಕೊಡುತ್ತೆ, ಅಷ್ಟೇ."

"ರೇಟನ್ನ ಫೋನಲ್ಲಿ ಹೇಳೋದಾ? ಪೂಜೆ ಹೊತ್ನಲ್ಲಿ ಆಗಲ್ಲ ಅಂತೀಯಲ್ಲಯ್ಯಾ, ಬಿಡ್ತು ಅನ್ನು!"

"ಇರೋದನ್ನ ಹೇಳಿದ್ರೆ ಯಾಕ್ರೀ ಬಿಡ್ತು ಅನ್ಬೇಕು?"

ಬಿಡ್ತು ಅನ್ನಲಿಲ್ಲ, ಪುಣ್ಯಾತ್ಮ.

ಯಾರೂ ರೇಟು ಹೇಳಲಿಲ್ಲ, ಪರದೆಯ ಮೇಲೆ ಏನೂ ಬರಲಿಲ್ಲ. ಅವನು ಹೇಳಿದ್ದೇ ಆಯಿತಲ್ಲ! ಮಂಡಿಯವರು ಮಾತ್ರ, "ಕಾಯಿ ಒಡೆಯೋಕೆ ಮುಂಚೆನೇ ಆಗಲ್ಲ ಅಂದ್ಬಿಟ್ಟ. ಅಂಥ ಮಾತು ಬಿದ್ಮೇಲೆ ಮಿಷನ್ ಹೆಂಗೆ ನಡೆಯುತ್ತೆ?" ಎಂದರು. ಬೊಗಳೆ ಬಿಟ್ಟ ಮ್ಯಾನೇಜರನ ಮೇಲೆ ಒಬ್ಬರಿಗೂ ಸಿಟ್ಟಿಲ್ಲ. ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ. ಕಂಪನಿ ದತ್ತಾತ್ರಿಯನ್ನು ಕೆಲಸದಿಂದ ಬಿಡಿಸಿತು. ಸುದ್ದಿ ಕಡೂರಿನವರೆಗೂ ಹೋಗಿ, ಯಾವ ಅಂಗಡಿಯವರೂ ಅವನನ್ನು ಮೆಟ್ಟಿಲು ಹತ್ತಿಸಲಿಲ್ಲ.

ಮರುವರ್ಷ ಅವನ ತಮ್ಮ ಲಕ್ಷ್ಮೀಪತಿ ಬಟ್ಟೆ ಅಂಗಡಿ ತೆರೆದ. ಪೂಜೆಯ ದಿನ ದತ್ತಾತ್ರಿ ಸ್ನಾನ ಮಾಡಿ, ಮಡಿ ಪಂಚೆ ಉಟ್ಟು ಹೊರಟಿದ್ದ. ತಾಯಿ ಸೀತಾದೇವಮ್ಮ ಬಾಗಿಲಲ್ಲೇ ತಡೆದರು.

"ಪೂಜೆ ಮುಗಿದ್ಮೇಲೆ ಬಾರೋ ಮಗಾ. ನಾವೇ ಹೇಳಿ ಕಳಿಸ್ತೀವಿ."

"ಸರಿ ಕಣಮ್ಮ," ಎಂದು ರೈಲ್ವೆ ಸ್ಟೇಷನ್ನಿನ ಬೆಂಚಿನ ಮೇಲೆ ಹೋಗಿ ಕೂತ. ಮಧ್ಯಾಹ್ನ ಕಳೆಯಿತು. ಕರೆಯಲು ಯಾರೂ ಬರಲಿಲ್ಲ.