ಹುಣಸೆಹಣ್ಣಿನ ಗಂಟು

ನಿಪ್ಪಾಣಿ ಕಡೆಯ ಹಳೆ ಸಾಮಾನಿನ ದೊಡ್ಡ ಬಜಾರಕ್ಕೆ ಹೋಗೋಣ ಅಂದರೆ ನಮ್ಮ ನೆರೆಮನೆಯ ಕಾಕು ಮೊದಲು ಹುಣಸೆಹಣ್ಣಿನ ಗಂಟು ಕಟ್ಟುತ್ತಿದ್ದಳು. ರೊಟ್ಟಿ ಬುತ್ತಿ ಆಮೇಲೆ. ಟೆಂಪೊದವನು ಎಷ್ಟು ಹಾರ್ನ್ ಹೊಡೆದರೂ ಆ ಗಂಟಿಲ್ಲದೆ ಹತ್ತುತ್ತಿರಲಿಲ್ಲ.

ಅಲ್ಲಿ ಅವಳು ಏನೂ ಕೊಳ್ಳುತ್ತಿರಲಿಲ್ಲ. ಕೃಷ್ಣೆಯ ಮಹಾಪೂರದಲ್ಲಿ ಕೊಚ್ಚಿಹೋಗಿ ಗುಜರಿ ಸೇರಿದ ಕೊಡ, ತಂಬಿಗೆಗಳ ಮುಂದೆ ಕುಕ್ಕರಗಾಲಲ್ಲಿ ಕೂತು, ಅವುಗಳ ಮೇಲೆ ಕೊರೆಸಿದ ಹೆಸರುಗಳನ್ನು ಹುಣಸೆಹಣ್ಣಿನಿಂದ ತಿಕ್ಕಿ, ಮುಂದಕ್ಕೆ ತಿರುಗಿಸಿ ಇಡುತ್ತಿದ್ದಳು.

"ಹೊತ್ತಾತು, ನಡಿ ಬೇ ಕಾಕು," ಎಂದು ನಾನು ಕರೆದರೆ ಅವಳದು ಒಂದೇ ಮಾತು: "ಹೆಸರ ಕಾಣಂಗ ಇರ್ಲಿ. ಹುಡುಕ್ಕೊಂತ ಬಂದಾವ್ರಿಗೆ ಸಿಗತೈತಿ."

ಅವಳು ತೀರಿಕೊಂಡ ಮರುವರ್ಷ ನಾನೊಬ್ಬಳೇ ಹೋದೆ. ಒಂದು ಅಂಗಡಿಯ ಮುಂದೆ, ಮಹಾಪೂರದಲ್ಲಿ ನಮ್ಮ ಮನೆಯಿಂದ ಹೋದ ತಾಮ್ರದ ಕೊಡ! ಮೈಯೆಲ್ಲ ಕಪ್ಪು, ಅವ್ವನ ಹೆಸರಿದ್ದಷ್ಟೇ ಜಾಗ ಕೆಂಪಗೆ ಕಾಣುತ್ತಿತ್ತು.

"ನಿಮ್ಮ ಜೋಡಿ ಬರ್ತಿದ್ದ ಆಯಿ ಹೋದ ವರ್ಷ ತಿಕ್ಕಿ ಇಟ್ಟಾಳ್ರಿ," ಅಂದ ಅಂಗಡಿಯವನು. "ನೀವು ಆ ಕಡೆ ರೇಡಿಯೊ ನೋಡಾಕ ಹೋಗಿದ್ರಿ."

ಕಾಕುಗೆ ಓದಲು ಬರುತ್ತಿರಲಿಲ್ಲ. ಯಾರದೆಂದು ತಿಳಿಯದೆಯೇ ನಮ್ಮವ್ವನ ಹೆಸರನ್ನು ನನಗೆ ಕಾಣುವಂತೆ ಇಟ್ಟು ಹೋಗಿದ್ದಳು.

ನಾಳೆ ಮತ್ತೆ ಬಜಾರಕ್ಕೆ ಹೊರಟಿದ್ದೇನೆ. ರೊಟ್ಟಿ ಇನ್ನೂ ಆಗಿಲ್ಲ. ಹುಣಸೆಹಣ್ಣಿನ ಗಂಟು ಮಾತ್ರ ಕಟ್ಟಿಟ್ಟಿದ್ದೇನೆ.